ಎರಡು ಹಿಡಿಕೆಯ ಮಷೀನು

"ಎರಡರಾಗ ಒಂದು ನೀನೇ ಆರಿಸು, ಮಚ್ಚೇಂದ್ರ. ಇನ್ನೊಂದು ನಾಳಿ ಹೈದರಾಬಾದಿಗಿ ವಾಪಸ್ ಹೋಗ್ತದ," ಎನ್ನುತ್ತ ಮಾಲೀಕ ಗುಲಾಮ್ ರಸೂಲ್ ಗೋಣಿತಾಟು ಸರಿಸಿದರು.

ಹುಮನಾಬಾದಿನ ಆ ಕಟ್ಟಿಗೆ ಅಡ್ಡೆಗೆ ಮರ ಕೊಯ್ಯುವ ಮಷೀನು ಬಂದದ್ದು ಅದೇ ಮೊದಲು. ಒಂದು ಚಿಕ್ಕದು, ಒಬ್ಬನೇ ಎತ್ತಿ ಕೊಯ್ಯುವಂಥದು. ಇನ್ನೊಂದರ ಅಲಗು ಎರಡು ಮೊಳ ಉದ್ದ. ಅದರ ತುದಿಗೂ ಒಂದು ಹಿಡಿಕೆ. ಆಚೆ ಬದಿಯಲ್ಲಿ ಇನ್ನೊಬ್ಬರು ಹಿಡಿಯಲೇಬೇಕು.

ಆ ಹಿಡಿಕೆ ಕಂಡೊಡನೆ ಮಚ್ಚೇಂದ್ರನ ಹೆಂಡತಿ ಕಮಳಾಬಾಯಿ ಮುಖ ಹೊರಳಿಸಿದಳು. ಮದುವೆಯಾಗಿ ಬಂದಾಗಿನಿಂದ ಗಂಡನ ಗರಗಸದ ಇನ್ನೊಂದು ತುದಿ ಅವಳದೇ. ಬಸುರಿದ್ದಾಗಲೂ, ಜ್ವರ ಬಂದಾಗಲೂ, ಮುನಿದು ಮಾತು ಬಿಟ್ಟ ದಿನಗಳಲ್ಲೂ ಅವನೆದುರು ಕೂತು ಎಳೆದದ್ದೇ. ಮೊನ್ನೆ ಘಾಟಬೋರಾಳದ ಬಾಲವಾಡಿಯಿಂದ ಗೆಳತಿ ಚಂದಮ್ಮ ಹೇಳಿಕಳಿಸಿದ್ದಳು: ಮಕ್ಕಳಿಗೆ ಉಪ್ಪಿಟ್ಟು ಮಾಡಲು ಒಬ್ಬಳು ಬೇಕಾಗಿದ್ದಾಳೆ, ಬರ್ತೀಯೇನು?

"ಸಣ್ಣದೇ ಛಲೋ ಅದ ನೋಡ್ರಿ," ಅಂದಳು ಗಂಡನಿಗೆ. ಇಂಥದ್ದರಲ್ಲಿ ಅವಳು ಎಂದೂ ಬಾಯಿ ಹಾಕಿದವಳಲ್ಲ. "ನೀವೊಬ್ರೇ ಕೊಯ್ಬಹುದು. ನಾ ಬಾಲವಾಡಿಗಿ ಹೋಗ್ತೀನಿ."

ಮಚ್ಚೇಂದ್ರ ಚಿಕ್ಕ ಮಷೀನಿನ ಮೈ ತಡವಿ ನೋಡಿದ. "ಹೋಗು ಹಂಗಾದ್ರ," ಅಂದ.

ಅಷ್ಟು ಸಲೀಸಾಗಿ ಒಪ್ಪಿಯಾನೆಂದು ಅವಳು ನೆನೆಸಿರಲಿಲ್ಲ.

ಗುಲಾಮ್ ರಸೂಲ್ ಬೇವಿನ ದಿಮ್ಮಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ದೂರ ನಿಂತರು. ಮಚ್ಚೇಂದ್ರ ಚಿಕ್ಕ ಮಷೀನಿನ ಹಗ್ಗ ಜಗ್ಗಿದ. ಅದು ಅಡ್ಡೆಯೆಲ್ಲ ನಡುಗುವಂತೆ ಅಬ್ಬರಿಸಿತು. ದಿಮ್ಮಿ ಉರುಳದಂತೆ ಎಡಗಾಲು ಒತ್ತಿ ಹಿಡಿದು ಅಲಗು ಇಳಿಸತೊಡಗಿದ. ಗೆರೆಯ ಮೇಲಲ್ಲ, ಗೆರೆ ಬಿಟ್ಟು ಗೇಣು ಈಚೆಗೆ, ತನ್ನ ಕಾಲ್ಬೆರಳುಗಳ ಮಗ್ಗುಲಿಗೇ. ಕಮಳಾಬಾಯಿ ಚೀರಿದ್ದು ಯಾರಿಗೂ ಕೇಳಲಿಲ್ಲ. ಓಡಿಹೋಗಿ ಹಿಂದಿನಿಂದ ಅವನ ಹೆಗಲು ಜಗ್ಗಿದಳು.

ಮಷೀನು ನಿಂತಿತು. ಅವನು ಬಗ್ಗಿ ತೊಗಟೆಯ ಮೇಲೆ ಬೆರಳಾಡಿಸಿದ. "ಗೆರಿ ಎಲ್ಲದ?" ಅಂದ, ಅವಳಿಗಷ್ಟೇ ಕೇಳುವಂತೆ.

ಅವಳು ಅವನ ಕಣ್ಣುಗಳನ್ನೇ ನೋಡಿದಳು. ಈಚೆಗೆ ಗರಗಸ ಇಡುವಾಗಲೆಲ್ಲ "ನೀನೇ ಗೆರಿ ಮ್ಯಾಲ ಇಡು" ಎನ್ನುತ್ತಿದ್ದ. ದಣಿದಿದ್ದಾನೆ ಎಂದುಕೊಂಡಿದ್ದಳು.

"ಯಾವಾಗಿಂದ್ರಿ?"

"ಮಳಿಗಾಲದಿಂದ. ಎಲ್ಲ ಮಂಜ್ ಮಂಜ್ ಕಾಣಾಕತ್ತದ. ಸಾಹೇಬ್ರಿಗಿ ಹೇಳಬ್ಯಾಡ, ಕೆಲಸ ಹೋಗ್ತದ. ನೀ ಹೋಗು, ನಾ ಹ್ಯಾಂಗರ ಮಾಡ್ತೀನಿ."

"ಏನಾಯ್ತವಾ?" ಎನ್ನುತ್ತ ಗುಲಾಮ್ ರಸೂಲ್ ಹತ್ತಿರ ಬಂದರು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಗೆರೆಯನ್ನೊಮ್ಮೆ, ಗಂಡನ ಪಾದವನ್ನೊಮ್ಮೆ ನೋಡಿದಳು.

"ಸಣ್ಣದು ಇವರ ಕೈಗಿ ಹೊಂದಂಗಿಲ್ರಿ ಸಾಹೇಬ್ರ. ದೊಡ್ಡದೇ ಇಟ್ಕೋರಿ. ಆಚಿ ತುದಿ ನಾ ಹಿಡಿತೀನಿ."

ಮಚ್ಚೇಂದ್ರ ಏನೋ ಹೇಳಲು ಬಾಯಿ ತೆರೆದ. "ಏಳ್ರಿ," ಅಂದಳು, ಗಡುಸಾಗಿ.

ಸಂಜೆಯವರೆಗೆ ಕೊಯ್ದರು. ಗೆರೆ ತಪ್ಪದಂತೆ ಅವಳೇ ಆಚೆ ತುದಿಯಿಂದ ಅಲಗನ್ನು ನಡೆಸಿದಳು. ನಡುವೆ ಘಾಟಬೋರಾಳದ ಬಸ್ಸು ಅಡ್ಡೆಯ ಮುಂದೆ ಹಾದುಹೋಯಿತು. ಸದ್ದು ಕೇಳಲಿಲ್ಲ, ಧೂಳು ಮಾತ್ರ ಒಳಗೆ ಬಂತು.

ಕೆಲಸ ಮುಗಿದ ಮೇಲೆ ನಳದ ಕೆಳಗೆ ಬೊಗಸೆ ಒಡ್ಡಿದಳು. ಮಷೀನು ನಿಂತು ಎಷ್ಟೋ ಹೊತ್ತಾಗಿದ್ದರೂ ಕೈಗಳ ನಡುಕ ನಿಂತಿರಲಿಲ್ಲ. ತುಂಬಿದ ನೀರು ತುಟಿಗೆ ತಲುಪುವ ಮೊದಲೇ ಬೆರಳ ಸಂದಿನಿಂದ ಚೆಲ್ಲಿಹೋಯಿತು. ಅವಳು ಮತ್ತೆ ಬೊಗಸೆ ಒಡ್ಡಿದಳು.