ಅತ್ತಿಗೆ ಸುಮ್ಮನಿದ್ದ ದಿನ

ಪ್ರವಾಸದ ನಾಲ್ಕನೆಯ ದಿನ ಬೆಳಿಗ್ಗೆ ಹೋಟೆಲಿನ ಬಚ್ಚಲಲ್ಲಿ ಅತ್ತಿಗೆಯ ಮೇಲ್ದವಡೆಯ ಹಲ್ಲಿನ ಸೆಟ್ಟು ಕೈಜಾರಿ ಬಿತ್ತು. ಪಿಂಗಾಣಿ ಬೇಸಿನ್ನಿಗೆ ಬಡಿದು, ಸರಿಯಾಗಿ ನಡುವೆ ಸೀಳಿ ಎರಡು ಹೋಳಾಯಿತು. ಮಂಚದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದ ನಾದಿನಿಗೆ ಮೊದಲು ಕೇಳಿಸಿದ್ದು ಆ ಸದ್ದು. ಆಮೇಲೆ ಏನೂ ಕೇಳಿಸಲಿಲ್ಲ. ಅತ್ತಿಗೆ ಇರುವ ಕಡೆ ಸದ್ದೇ ಇಲ್ಲವೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಎದ್ದು ಹೋಗಿ ಇಣುಕಿದಳು. ಅತ್ತಿಗೆ ಒಂದು ಅಂಗೈಯಲ್ಲಿ ಎರಡು ಹೋಳುಗಳನ್ನು ಹಿಡಿದು, ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಅತ್ತಿಗೆ ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ, ಹೆಡ್‌ಮಿಸ್ ಆಗಿ ನಿವೃತ್ತರಾದವರು. ಅವರ ಬಾಯಿಗೆ ರಜೆ ಎಂಬುದೇ ಇರಲಿಲ್ಲ. ಯಾವ ಊರಿಗೆ ಹೋದರೂ ಅಲ್ಲಿನ ಮಾತಿನ ಹತ್ತು ಪದ ಕಲಿತು, ಆ ಹತ್ತರಲ್ಲೇ ಇಡೀ ಊರನ್ನು ಮಾತಾಡಿಸಿಕೊಂಡು ಬರುವ ಎದೆಗಾರಿಕೆ. ನಾದಿನಿ ಅದಕ್ಕೆ ತದ್ವಿರುದ್ಧ. ಮನೆಯ ಕೊನೆಯ ಮಗಳಾದ್ದರಿಂದ ಐವತ್ತೆಂಟು ವರ್ಷವಾದರೂ ಎಲ್ಲರಿಗೂ ಅವಳು ಸಣ್ಣಮ್ಮನೇ. ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು, ಹರಿದ ಹಾಸುಗಳಿಗೂ ದಿಂಬಿನ ಚೀಲಗಳಿಗೂ ತೇಪೆ ಹಾಕುತ್ತ ಮೂವತ್ತು ವರ್ಷ ಕಳೆದವಳು. ಹಾಸುಗಳು ಯಾರನ್ನೂ ಮಾತಾಡಿಸುವುದಿಲ್ಲ. ಅದೇ ಅವಳಿಗೆ ಆ ಕೆಲಸದಲ್ಲಿ ಹಿಡಿಸಿದ್ದು. ಈ ನಗರದ ಮಾತನ್ನು ಅವಳು ಈ ಕಡೆಯಿಂದ ಬಂದ ನರ್ಸುಗಳ ಬಾಯಿಂದ ಕೇಳಿ ಕೇಳಿ ಒಂದಿಷ್ಟು ಕಲಿತಿದ್ದಳು. ಆದರೆ ನಾಲ್ಕು ದಿನಗಳಲ್ಲಿ ಒಮ್ಮೆಯೂ ಆಡಿರಲಿಲ್ಲ. ಅತ್ತಿಗೆ ಪಕ್ಕದಲ್ಲಿರುವಾಗ ಅದರ ಅಗತ್ಯವೇನು?

"ಈಗೇನು ಮಾಡೋಣ ಅತ್ತಿಗೆ?" ಎಂದು ಕೇಳಿದಳು.

ಅತ್ತಿಗೆ ಗಲ್ಲಕ್ಕೆ ಕರವಸ್ತ್ರ ಒತ್ತಿಕೊಂಡು, ಹುಬ್ಬಿನಿಂದಲೇ ಬಾಗಿಲ ಕಡೆ ತೋರಿಸಿದರು. ಹೋಗಿ ಕೇಳು ಎಂದು.

ಪ್ರವಾಸದ ಗುಂಪು ಅಂದು ಅರಮನೆ ನೋಡಲು ಹೊರಟಿತ್ತು. ಹಲ್ಲಿಲ್ಲದ ಬಾಯಲ್ಲಿ ಇಪ್ಪತ್ತು ಜನರ ಜೊತೆ ಬಸ್ಸು ಹತ್ತುವುದಕ್ಕಿಂತ ಅತ್ತಿಗೆ ಪ್ರಾಣವನ್ನಾದರೂ ಬಿಟ್ಟಾರು. ಸಣ್ಣಮ್ಮ ಕೆಳಗೆ ಹೋಗಿ, ಕೌಂಟರಿನವನ ಮುಂದೆ ಎರಡು ನಿಮಿಷ ನಿಂತು, ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು, ಕೊನೆಗೆ ತನ್ನ ಹಲ್ಲು ತೋರಿಸಿ, ಕೈಯಲ್ಲಿ ಮುರಿದಂತೆ ಮಾಡಿದಳು. ಅವನು ನಗಲಿಲ್ಲ. ಒಂದು ಚೀಟಿಯ ಮೇಲೆ ಬಸ್ಸಿನ ನಂಬರನ್ನೂ ಒಂದು ಬೀದಿಯ ಹೆಸರನ್ನೂ ಬರೆದುಕೊಟ್ಟ. "ಹೊರಗಿಂದ ಬಂದವರ ಪೇಟೆ ಅದು. ಅಲ್ಲಿ ರಿಪೇರಿ ಆಗದೇ ಇರೋ ವಸ್ತು ಇಲ್ಲ" ಎಂದ.

ಇಬ್ಬರೂ ಇಳಿದ ಬೀದಿ ಉಳಿದ ನಗರದ ಹಾಗಿರಲಿಲ್ಲ. ಅಂಗಡಿಗಳ ಬೋರ್ಡುಗಳು ಮೂರು ಮೂರು ಲಿಪಿಗಳಲ್ಲಿದ್ದವು. ಒಂದು ಅಕ್ಷರ ಬಳ್ಳಿಯ ಹಾಗೆ ಸುತ್ತಿಕೊಂಡಿದ್ದರೆ ಇನ್ನೊಂದು ಇಟ್ಟಿಗೆ ಜೋಡಿಸಿದ ಹಾಗೆ. ಕ್ಷೌರದಂಗಡಿಯ ಪಕ್ಕ ಸೂಟ್‌ಕೇಸಿನ ಅಂಗಡಿ, ಅದರ ಪಕ್ಕ ಪಾರ್ಸೆಲ್ ಕಟ್ಟಿಕೊಡುವವರದು. ಅಲ್ಲಿ ನಾಲ್ಕಾರು ಜನ ತಂತಮ್ಮ ಊರಿಗೆ ಕಳಿಸುವ ಕಂಬಳಿ, ಬೂಟು, ಆಟಿಕೆಗಳನ್ನು ರಟ್ಟಿನ ಪೆಟ್ಟಿಗೆಗೆ ತುರುಕಿ, ಅದರ ಮೇಲೆ ಕೂತು ಮುಚ್ಚಳ ಮುಚ್ಚುತ್ತಿದ್ದರು. ತರಕಾರಿ ಗಾಡಿಯಲ್ಲಿ ಸಣ್ಣಮ್ಮನಿಗೆ ಗೊತ್ತಿದ್ದ ಬದನೆಕಾಯಿಯ ಜೊತೆಗೇ, ಹುಟ್ಟಿದಾರಭ್ಯ ನೋಡದ ಗಂಟುಗಂಟಿನ ಗೆಡ್ಡೆಗಳಿದ್ದವು.

ಬೇರೆ ದಿನವಾಗಿದ್ದರೆ ಅತ್ತಿಗೆ ಆ ಗೆಡ್ಡೆಯ ಜಾತಕವನ್ನೇ ಕೇಳಿ ತಿಳಿಯುತ್ತಿದ್ದರು. ಈಗ ನಾದಿನಿಯ ಮೊಣಕೈ ತಿವಿದು, ಗೆಡ್ಡೆಯ ಕಡೆ ಕಣ್ಣು ಹೊರಳಿಸಿದರು.

"ನಾನು ಕೇಳಬೇಕಾ?"

ಅತ್ತಿಗೆ ಹೂಂಗುಟ್ಟಿದರು.

ಸಣ್ಣಮ್ಮ ಗಾಡಿಯ ಹೆಂಗಸನ್ನು ಕೇಳಿದಳು. ಕ್ರಿಯಾಪದ ಎಲ್ಲೋ, ಕರ್ತೃ ಎಲ್ಲೋ. ಆ ಹೆಂಗಸು ಕೊಟ್ಟ ಉತ್ತರ ಅದಕ್ಕಿಂತಲೂ ಮುರುಕಾಗಿತ್ತು. "ಬೇಯಿಸು, ಉಪ್ಪು, ತಿನ್ನು. ನಮ್ಮಮ್ಮ ಹಾಲು ಹಾಕ್ತಾಳೆ. ನಾನು ಸೋಮಾರಿ" ಎಂದು ಹೊಟ್ಟೆ ತಟ್ಟಿಕೊಂಡಳು. ಸಣ್ಣಮ್ಮನಿಗೆ ನಗು ಬಂತು. ನಾಲ್ಕು ಹೆಜ್ಜೆ ನಡೆದ ಮೇಲೆ ಅವಳಿಗೆ ಒಂದು ಸಂಗತಿ ಹೊಳೆಯಿತು. ಈ ಬೀದಿಯಲ್ಲಿ ಈ ನಗರದ ಮಾತನ್ನು ನೆಟ್ಟಗೆ ಆಡುವವರು ಯಾರೂ ಇಲ್ಲ. ಎಲ್ಲರೂ ಎಲ್ಲಿಂದಲೋ ಬಂದವರು. ಸಿಕ್ಕಿದ ಪದವನ್ನು ಸಿಕ್ಕಿದ ಹಾಗೆ ಎಸೆಯುತ್ತಿದ್ದಾರೆ, ಎದುರಿನವರು ಹಿಡಿದುಕೊಳ್ಳುತ್ತಿದ್ದಾರೆ. ತಪ್ಪಾಯಿತೆಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿಲ್ಲ. ಅವಳು ಮುಂದಿನ ಇಬ್ಬರ ಹತ್ತಿರ ದಾರಿ ಕೇಳುವಾಗ ವಾಕ್ಯವನ್ನು ಮೊದಲೇ ಜೋಡಿಸಿಕೊಳ್ಳಲಿಲ್ಲ.

ಹಲ್ಲಿನ ಸೆಟ್ಟು ಮಾಡುವವನ ಅಂಗಡಿ ಒಂದು ಕಟ್ಟಡದ ನೆಲಮಹಡಿಯಲ್ಲಿ, ಮಂಚ ಹಾಕಿದರೆ ಬಾಗಿಲು ತೆರೆಯದಷ್ಟು ಇಕ್ಕಟ್ಟಿನ ಕೋಣೆಯಲ್ಲಿತ್ತು. ಗೋಡೆಯ ತುಂಬ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತು ಹಲ್ಲು ಕಿರಿಯುತ್ತಿದ್ದವು. ಆತ ದಪ್ಪ ಕನ್ನಡಕದ, ತೆಳ್ಳನೆಯ ಮನುಷ್ಯ. ಹೋಳುಗಳನ್ನು ದೀಪದ ಕೆಳಗೆ ಕೂಡಿಸಿ ನೋಡಿದ.

"ಗಮ್ಮು ಹಾಕಿದಿರಾ?"

"ಇಲ್ಲ."

"ಒಳ್ಳೇದು. ಎಲ್ಲರೂ ಗಮ್ಮು ಹಾಕ್ಕೊಂಡು ಬರ್ತಾರೆ, ನನ್ನ ಜೀವ ತಿನ್ನೋಕೆ. ಇದು ಕೂಡುತ್ತೆ. ನಾಲ್ಕು ಗಂಟೆಗೆ ಬನ್ನಿ." ಆಮೇಲೆ ಅತ್ತಿಗೆಯ ಕರವಸ್ತ್ರದ ಕಡೆ ನೋಡಿ, "ಇಲ್ಲಿ ಕೂರೋಕೆ ಜಾಗ ಇಲ್ಲ. ಪಕ್ಕದ ಲಾಂಡ್ರಿಯಲ್ಲಿ ಬೆಂಚಿದೆ. ನಾನು ಕಳಿಸಿದೆ ಅನ್ನಿ" ಎಂದ.

ಲಾಂಡ್ರಿಯ ಯಜಮಾನಿ ಅಗಲ ಭುಜದ, ಕೆಂಪು ಕೆನ್ನೆಯ ಹೆಂಗಸು. ಗುಡ್ಡಗಾಡಿನ ಒಂದು ದೇಶದಿಂದ ಹದಿನೈದು ವರ್ಷದ ಹಿಂದೆ ಬಂದವಳಂತೆ. ನಾಲ್ಕು ಯಂತ್ರಗಳು ಗುಡುಗುಡು ತಿರುಗುತ್ತಿದ್ದವು. ಮೇಜಿನ ಮೇಲೆ ಯಾವುದೋ ವಸತಿಗೃಹದ ಹಾಸುಗಳ ರಾಶಿ. ಮೂಲೆಗಳಿಗೆ ಎಲಾಸ್ಟಿಕ್ ಇರುವ ಆ ಹಾಸುಗಳನ್ನು ಅವಳು ಮಡಿಸುವ ಬದಲು ಉಂಡೆ ಕಟ್ಟುತ್ತಿದ್ದಳು. ಸಣ್ಣಮ್ಮ ಬೆಂಚಿನ ಮೇಲೆ ಐದು ನಿಮಿಷ ತಡೆದುಕೊಂಡಳು. ಆರನೆಯ ನಿಮಿಷಕ್ಕೆ ಅವಳ ಕೈಯೇ ಎದ್ದಿತು.

"ಹಾಗಲ್ಲ" ಎಂದಳು. "ಮೂಲೆಯೊಳಗೆ ಕೈ ಹಾಕಬೇಕು, ಕೈಚೀಲದ ಥರ. ಆಮೇಲೆ ಈ ಮೂಲೇನ ಆ ಮೂಲೆಯೊಳಗೆ ತಿರುವಿ ಹಾಕಬೇಕು. ನೋಡಿ."

ನಾಲ್ಕು ಮೂಲೆಗಳೂ ಒಂದರೊಳಗೊಂದು ಕೂತು, ಹಾಸು ಚೌಕವಾಗಿ ಮಡಚಿಕೊಂಡಿತು. ಯಜಮಾನಿ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಹದಿನೈದು ವರ್ಷ" ಎಂದು ನಿಟ್ಟುಸಿರು ಬಿಟ್ಟಳು. "ಹದಿನೈದು ವರ್ಷ ಇದರ ಜೊತೆ ಕುಸ್ತಿ ಆಡಿದೀನಿ. ಇನ್ನೊಂದು ಸಲ ತೋರಿಸು ಅಕ್ಕ."

ಅಕ್ಕ ಎಂಬುದನ್ನು ಅವಳು ತನ್ನ ಭಾಷೆಯಲ್ಲೇ ಹೇಳಿದ್ದು. ಹೇಳಿದ ಧಾಟಿಯಲ್ಲೇ ಅದು ಅಕ್ಕ ಎಂದು ಗೊತ್ತಾಗುತ್ತಿತ್ತು. ಇಬ್ಬರೂ ಎದುರುಬದುರು ನಿಂತು ರಾಶಿ ಕರಗಿಸತೊಡಗಿದರು. ಅತ್ತಿಗೆಗೆ ಯಜಮಾನಿ ಕಿಟಕಿಯ ಪಕ್ಕ ಕುರ್ಚಿ ಹಾಕಿ, ಬಿಸಿ ಹಾಲು ತಂದುಕೊಟ್ಟಳು. ಅತ್ತಿಗೆ ಕರವಸ್ತ್ರದ ಮರೆಯಲ್ಲಿ ಗುಟುಕರಿಸುತ್ತ, ಬೀದಿಯನ್ನೂ ನಾದಿನಿಯನ್ನೂ ಸರದಿಯಂತೆ ನೋಡುತ್ತಿದ್ದರು. ಆಸ್ಪತ್ರೆಯ ಬಗ್ಗೆ, ರಕ್ತದ ಕಲೆಗೆ ತಣ್ಣೀರೇ ಆಗಬೇಕು ಎಂಬುದರ ಬಗ್ಗೆ, ಬಟ್ಟೆ ಕೋಣೆಯ ಕಿಟಕಿಯಲ್ಲಿ ಬೆಕ್ಕು ಮರಿ ಹಾಕಿದ್ದರ ಬಗ್ಗೆ ಸಣ್ಣಮ್ಮ ಹೇಳುತ್ತಲೇ ಇದ್ದಳು. ಅತ್ತಿಗೆ ಅವಳ ಜೊತೆ ಒಂದೇ ಮನೆಯಲ್ಲಿ ನಲವತ್ತು ವರ್ಷ ಇದ್ದವರು. ಆ ಬೆಕ್ಕಿನ ವಿಷಯ ಅವರಿಗೆ ಗೊತ್ತಿರಲಿಲ್ಲ.

ಹಾಸುಗಳು ಮುಗಿದ ಮೇಲೆ ಯಜಮಾನಿ ಒಂದು ಬಿಳಿ ಅಂಗಿ ತಂದು ಮೇಜಿನ ಮೇಲೆ ಹರಡಿದಳು. ಎದೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟು ಕಂದು ಕಲೆ.

"ಬೆಳಿಗ್ಗೆ ಫೋನ್ ಬಂತು, ಇಲ್ಲಿ ಸುಟ್ಟಿತು. ಸಂಜೆ ಅವನು ಬರ್ತಾನೆ. ಅಂಗಿ ಒಂದೇ ಚೆನ್ನಾಗಿರೋದು ಅವನ ಹತ್ತಿರ."

ಸಣ್ಣಮ್ಮ ಅಂಗಿಯನ್ನು ಮಗುಚಿ ನೋಡಿದಳು. "ಸೂಜಿ ದಾರ ಇದೆಯಾ? ಹಿಂದಿನ ಅಂಚಿಂದ ಒಂದು ತುಂಡು ತೆಗೀತೀನಿ. ಪ್ಯಾಂಟಿನೊಳಗೆ ಸಿಕ್ಕಿಸಿದರೆ ಅದು ಕಾಣಲ್ಲ. ಅದೇ ಬಟ್ಟೆ, ಅದೇ ಬಿಳುಪು. ಆದರೆ ಅವನಿಗೆ ಹೇಳಿಬಿಡಿ."

"ಹೇಳ್ತೀನಿ. ಒಳ್ಳೆ ಮನುಷ್ಯ, ಬೈದು ಸುಮ್ಮನಾಗ್ತಾನೆ" ಎಂದು ಯಜಮಾನಿ ಸೂಜಿ ಹುಡುಕಿ ತಂದಳು. ಎಳೆಯ ಮೇಲೆ ಎಳೆ ಕೂಡುವಂತೆ ತುಂಡನ್ನು ಇಟ್ಟು ಹೊಲಿಯುವುದನ್ನು ನೋಡುತ್ತ, "ಇದನ್ನ ಆಸ್ಪತ್ರೆಯಲ್ಲಿ ಕಲಿತೆಯಾ?" ಎಂದು ಕೇಳಿದಳು.

"ಅದಕ್ಕೂ ಮುಂಚೆ. ನಮ್ಮಣ್ಣನ ಅಂಗಿ ಮೇಲೆ."

ಸಣ್ಣಮ್ಮ ಸೂಜಿಯಿಂದ ಕಣ್ಣೆತ್ತದೆ ಹೇಳುತ್ತ ಹೋದಳು. ಪದ ಸಿಗದ ಕಡೆಯೆಲ್ಲ ಮನೆಯ ಮಾತೇ ನುಸುಳುತ್ತಿತ್ತು, ಅತ್ತಿಗೆಗೆ ಅಷ್ಟು ಸಾಕಾಗಿತ್ತು. ಅಣ್ಣ ಆಗ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಹೆಣ್ಣು ನೋಡಲು ಹೊರಡುವ ದಿನ, ಬೇರೆ ಯಾರು ಇಸ್ತ್ರಿ ಮಾಡಿದರೂ ಸರಿಹೋಗುವುದಿಲ್ಲವೆಂದು ತಾನೇ ಅಂಗಿಗೆ ಇಸ್ತ್ರಿ ಹಾಕಲು ನಿಂತ. ಹುಡುಗಿಯ ಫೋಟೊ ಮೇಜಿನ ಮೇಲಿತ್ತು. ಫೋಟೊ ನೋಡುತ್ತ ನಿಂತವನಿಗೆ ಪೆಟ್ಟಿಗೆಯ ನೆನಪೇ ಹೋಯಿತು. ವಾಸನೆ ಬಂದು ಎತ್ತುವಷ್ಟರಲ್ಲಿ ಅಂಗಿಯ ಬೆನ್ನಿನಲ್ಲಿ ಅಂಗೈಯಗಲ ತೂತು. ಆಗ ಇವಳಿಗೆ ಹದಿನಾರು. ಕೈಗೆ ಸಿಕ್ಕ ಬೇರೊಂದು ಅಂಗಿಯ ತುಂಡು ಹಾಕಿ ಹೊಲಿದಳು. ಆದರೆ ಆ ಬಿಳುಪೇ ಬೇರೆ, ಈ ಬಿಳುಪೇ ಬೇರೆ. ದೂರದಿಂದಲೇ ಕಾಣುತ್ತಿತ್ತು. ಅದಕ್ಕೆ ಅಣ್ಣ ಪಕ್ಕದ ಮನೆಯವರ ಉಣ್ಣೆ ಕೋಟು ಇಸಕೊಂಡು ಹೋದ. ನಡು ಬೇಸಿಗೆ. ಹುಡುಗಿಯ ಅಪ್ಪ ಮೂರು ಸಲ ಕೋಟು ಬಿಚ್ಚಿ ಆರಾಮಾಗಿ ಕೂತುಕೊಳ್ಳಿ ಎಂದರೂ ಬಿಚ್ಚಲಿಲ್ಲ.

"ಮನೆಗೆ ಬಂದ ಮೇಲೆ ನನ್ನ ಹತ್ತಿರ ಆಣೆ ಹಾಕಿಸಿಕೊಂಡ. ಈ ವಿಷಯ ಅವಳಿಗೆ ಹೇಳಬೇಡ. ನನ್ನ ಜಂಭದವನು ಅಂದ್ಕೊಂಡ್ರೂ ಪರವಾಗಿಲ್ಲ, ಪೆದ್ದ ಅಂದ್ಕೊಂಡ್ರೆ ಒಪ್ಪಲ್ಲ ಅಂದ."

ಆ ಕೋಟಿನ ಕಥೆಯನ್ನು ಅತ್ತಿಗೆ ನಲವತ್ತು ವರ್ಷಗಳಿಂದ ಮದುವೆ ಮುಂಜಿಗಳಲ್ಲಿ, ಸ್ಟಾಫ್ ರೂಮಿನಲ್ಲಿ, ರೈಲಿನಲ್ಲಿ ಹೇಳುತ್ತ ಬಂದಿದ್ದರು. 'ಗುಮಾಸ್ತಗಿರಿಗೇ ಅಷ್ಟು ಗತ್ತು, ಆ ಉರಿಬಿಸಿಲಲ್ಲಿ ಕೋಟು ಹಾಕ್ಕೊಂಡು ದೊರೆ ಥರ ಕೂತಿದ್ದರು' ಎಂದೇ ಅವರ ಪಾಠ. ಗಂಡ ಪಕ್ಕದಲ್ಲೇ ಕೂತು ಕೇಳಿಸಿಕೊಂಡು, ಒಂದು ದಿನವೂ ಅಲ್ಲವೆನ್ನದೆ, ಆರು ವರ್ಷದ ಹಿಂದೆ ತೀರಿಕೊಂಡಿದ್ದರು.

ಸಣ್ಣಮ್ಮ ದಾರ ಕಡಿದು ತಲೆಯೆತ್ತಿದಾಗ ಅತ್ತಿಗೆಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಗಾಬರಿಯಾಗಿ ಹತ್ತಿರ ಹೋದಳು. ಅತ್ತಿಗೆ ನಗುತ್ತಿದ್ದರು. ಕರವಸ್ತ್ರ ಮಡಿಲಿಗೆ ಬಿದ್ದಿತ್ತು. ಬೋಳು ಬಾಯಿ ಪೂರಾ ತೆರೆದು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಸುರಿಯುವ ಹಾಗೆ ನಗುತ್ತಿದ್ದರು. ಯಜಮಾನಿ ಒಮ್ಮೆ ಇವರನ್ನು, ಒಮ್ಮೆ ಸಣ್ಣಮ್ಮನನ್ನು ನೋಡಿದಳು.

"ಆ ಹುಡುಗಿ...?"

"ಇವರೇ" ಎಂದಳು ಸಣ್ಣಮ್ಮ.

ಯಜಮಾನಿ ಮೇಜಿಗೆ ಒರಗಿ ಹೊಟ್ಟೆ ಹಿಡಿದುಕೊಂಡಳು. ಅವಳ ನಗು ಕೇಳಿ ಪಕ್ಕದ ಕೋಣೆಯಿಂದ ಹಲ್ಲಿನವನು ಕೈಯಲ್ಲಿ ಪಾಲಿಶ್ ಬ್ರಶ್ ಹಿಡಿದೇ ಬಂದು ಬಾಗಿಲಲ್ಲಿ ನಿಂತ. ಅವನಿಗೂ ಇಡೀ ಕಥೆಯನ್ನು ಮೊದಲಿಂದ ಹೇಳಬೇಕಾಯಿತು. ಎರಡನೆಯ ಸಲ ಸಣ್ಣಮ್ಮ ಇನ್ನೂ ಚೆನ್ನಾಗಿ ಹೇಳಿದಳು. ಅಣ್ಣ ಕೋಟಿನೊಳಗೆ ಬೆವರುತ್ತ ಕೂತದ್ದನ್ನು ಅಭಿನಯಿಸಿಯೂ ತೋರಿಸಿದಳು.

ನಾಲ್ಕು ಗಂಟೆಗೆ ಸೆಟ್ಟು ಸಿದ್ಧವಾಯಿತು. ಬಿರುಕು ಎಲ್ಲಿತ್ತೆಂದು ಬೆರಳಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಅತ್ತಿಗೆ ಗೋಡೆಯ ಕಡೆ ತಿರುಗಿ ಅದನ್ನು ಕೂರಿಸಿಕೊಂಡು, ಎರಡು ಸಲ ಕಟಕಟ ಎನಿಸಿದರು.

"ಏನಾದರೂ ಮಾತಾಡಿ. ಸ್ವರ ನೋಡಬೇಕು" ಎಂದ ಹಲ್ಲಿನವನು.

ಅತ್ತಿಗೆ ನಾದಿನಿಯ ಕಡೆ ತಿರುಗಿ, ತಮ್ಮ ಮನೆಯ ಮಾತಲ್ಲೇ ಕೇಳಿದರು. "ಇನ್ನೂ ಏನೇನು ಬಚ್ಚಿಟ್ಟಿದ್ದೀಯೇ, ಕಳ್ಳಿ? ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಮೊದಲು ಅಣ್ಣನ ಆಣೆ ಇತ್ತು. ಆಮೇಲೆ ನೀವು ಉಸಿರು ತಗೊಳ್ಳೋಕೆ ನಿಲ್ಲಿಸಬೇಕಲ್ಲ, ಹೇಳೋಕೆ."

ಹಲ್ಲಿನವನಿಗೆ ಒಂದಕ್ಷರ ತಿಳಿಯದಿದ್ದರೂ ತಲೆಯಾಡಿಸಿದ. "ತುಂಬ ಸ್ಪಷ್ಟ. ನಾಳೆವರೆಗೆ ಗಟ್ಟಿ ಪದಾರ್ಥ ಬೇಡ."

ಯಜಮಾನಿ ಬೀದಿಯ ತುದಿಯವರೆಗೆ ಬಂದು ಬಸ್ಸು ನಿಲ್ಲುವ ಜಾಗ ತೋರಿಸಿದಳು. ಅತ್ತಿಗೆ ತಮ್ಮ ಹತ್ತು ಪದಗಳಲ್ಲಿ ಅವಳ ಮಕ್ಕಳೆಷ್ಟು, ಯಾವ ತರಗತಿ ಎಂದೆಲ್ಲ ವಿಚಾರಿಸಿ, ಚಿಕ್ಕವನಿಗೆ ಮಗ್ಗಿ ಬಾಯಿಪಾಠ ಮಾಡಿಸೆಂದು ಬುದ್ಧಿ ಹೇಳಿ ಬೀಳ್ಕೊಟ್ಟರು. ಬಸ್ಸಿಗಾಗಿ ಕಾಯುವ ಕಟ್ಟೆಯ ಮೇಲೆ ಇಬ್ಬರೂ ಕೂತರು. ಇಳಿಬಿಸಿಲು ಎದುರಿನ ಮಹಡಿಗಳ ಮೇಲೆ, ಅಲ್ಲಿ ಒಣಗಲು ಹಾಕಿದ್ದ ಬಣ್ಣಬಣ್ಣದ ಬಟ್ಟೆಗಳ ಮೇಲೆ ಬಿದ್ದಿತ್ತು. ಅತ್ತಿಗೆ ಗಾಡಿಯಲ್ಲಿ ಕೊಂಡ ಮೆತ್ತನೆಯ ಬಾಳೆಹಣ್ಣು ಸುಲಿದು ಅರ್ಧ ನಾದಿನಿಗೆ ಕೊಟ್ಟರು.

"ಅರಮನೆ ತಪ್ಪಿಹೋಯ್ತಲ್ಲ ಅತ್ತಿಗೆ."

"ಹೋಗಲಿ ಬಿಡು. ನಿಮ್ಮಣ್ಣ ಸೈಕಲ್ ಕಲಿತದ್ದು ಗೊತ್ತಾ ನಿನಗೆ? ಆ ಕೆರೆ ಏರಿ ಮೇಲೆ..."

"ಅದು ನೀವು ಹೇಳೋದು. ಕೆರೆಗೆ ಬಿದ್ದಿದ್ದು ಅಣ್ಣ ಅಲ್ಲ."

ಅತ್ತಿಗೆಯ ಬಾಯಿ ಏನೋ ಹೇಳಲು ತೆರೆಯಿತು. ಬಾಳೆಹಣ್ಣು ಅಲ್ಲೇ ಇತ್ತು. ಅದನ್ನು ಕಚ್ಚಿ, ನಿಧಾನವಾಗಿ ಅಗಿಯುತ್ತ, ಹೇಳು ಎನ್ನುವಂತೆ ನಾದಿನಿಯ ಕಡೆ ತಿರುಗಿ ಕೂತರು. ಬಸ್ಸು ಬಂದು ನಿಂತಿತು. ಇಬ್ಬರೂ ಏಳಲಿಲ್ಲ. ಡ್ರೈವರ್ ಒಂದು ಕ್ಷಣ ಕಾದು, ಬಾಗಿಲು ಮುಚ್ಚಿಕೊಂಡು ಹೊರಟ.