ಬಲಗಡೆಯ ಪದಕ

"ನೆಟ್ಟಗೆ ನಿಲ್ಲು," ಎಂದು ಅಮ್ಮ ಆಲ್ವಿನ್‌ನ ಕೋಟಿಗೆ ಪದಕದ ಪಿನ್ನು ಚುಚ್ಚಿದಳು. ಅದು ಬಟ್ಟೆ ದಾಟಿ ಚರ್ಮಕ್ಕೆ ತಾಗಿತು.

ಆಸ್ಟ್ರೇಲಿಯದವರು ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್ಜಾಕ್ ದಿನದಂದು ಸತ್ತ ಬಂಧುವಿನ ಪದಕ ಎದೆಯ ಬಲಗಡೆ, ತನ್ನದೇ ಆದರೆ ಎಡಗಡೆ. ಬಲಗಡೆಯದು ತಮ್ಮ ಎರಲ್‌ನದು. ಉತ್ತರ ಆಫ್ರಿಕದ ಟೋಬ್ರೂಕ್ ಕಾಳಗದಲ್ಲಿ ಉರಿಯುವ ಲಾರಿಯಿಂದ ಗೆಳೆಯರನ್ನು ಎಳೆತಂದು ಗೆದ್ದದ್ದು. ಮರುವರ್ಷ ಎಲ್ ಅಲಮೀನ್ ಕಾಳಗದಲ್ಲಿ ಅವನು ಸತ್ತ.

"ನನ್ನವು?"

"ನಿನ್ನವೂ ಹಾಕ್ಕೊಂಡ್ರೆ ಜಾತ್ರೇಲಿ ಬಹುಮಾನ ಬಂದ ಹೋರಿ ಥರ ಕಾಣ್ತೀಯ. ಸೆರೆ ಸಿಕ್ಕಿದ್ದಕ್ಕೂ ಪದಕ ಕೊಡ್ತಾರಂತೆ!"

ಜಪಾನೀಯರ ಸೆರೆಯಿಂದ ಸೊರಗಿ ಅರ್ಧವಾಗಿ ಮರಳಿದ್ದ ಆಲ್ವಿನ್ ಈಗ ಊರಿನ ಮುಖ್ಯೋಪಾಧ್ಯಾಯ. ವರ್ಷವರ್ಷವೂ ಮಕ್ಕಳೆದುರು ತ್ಯಾಗದ ಬಗ್ಗೆ ಭಾಷಣ ಮಾಡುತ್ತಿದ್ದ. ಆ ಪದ ಅವನ ಬಾಯಲ್ಲಿ ಅಗಿದಗಿದು ಸಪ್ಪೆಯಾದ ಮಾಂಸವಾಗಿತ್ತು.

ಮೆರವಣಿಗೆಯಲ್ಲಿ ಜನ ಮೊದಲು ಪದಕ ನೋಡಿದರು, ಆಮೇಲೆ ಅವನ ಮುಖ. ಮುಖದ ಮೇಲೆ ಯಾರ ಕಣ್ಣೂ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಸಭಾಂಗಣದಲ್ಲಿ ಮಾತ್ರ ಒಬ್ಬ ಅಪರಿಚಿತ ನೇರ ಮುಖವನ್ನೇ ನೋಡುತ್ತ ಬಂದ. ಎಡತೋಳು ಇರಲಿಲ್ಲ. ಹೆಸರು ಸ್ಪಾರ್ಗೋ.

"ಎರಲ್‌ನ ಅಣ್ಣ ಅಲ್ವಾ ನೀವು? ಅದೇ ಮೂಗು. ಕೊನೇಲಿ ಅವನ ಪಕ್ಕದಲ್ಲಿದ್ದೋನು ನಾನೇ."

ಅಮ್ಮ ಚಹಾದ ಬಟ್ಟಲು ಕೆಳಗಿಟ್ಟಳು.

"ಪದಕ ಅಣ್ಣಂಗೆ ಕೊಡಿ ಅಂದ. 'ನಾನು ಯೋಚನೆ ಮಾಡ್ದೆ ಬೆಂಕಿಗೆ ನುಗ್ದೆ. ಅವನು ಅಲ್ಲಿ ಸೆರೇಲಿ ದಿನಾ ಯೋಚನೆ ಮಾಡ್ತಾ ಬದುಕ್ಬೇಕು. ಇದು ಅವಂದೇ' ಅಂದ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದೆ, ಆಮೇಲೆ ಕುಡಿತ... ಬರೋಕೆ ಇಷ್ಟು ವರ್ಷ ಹಿಡೀತು."

"ಗುಂಡಿನ ಸದ್ದು," ಎಂದಳು ಅಮ್ಮ. "ನಿಮಗೆ ತಪ್ಪು ಕೇಳಿಸಿದೆ."

"ಇಲ್ಲಮ್ಮಾ, ಕಿವಿ ಹತ್ರಾನೇ—"

"ಆಲ್ವಿನ್, ಹೇಳು ಇವರಿಗೆ."

ಆಲ್ವಿನ್ ಇಡೀ ಬದುಕು ಕಾದಿದ್ದ ಮಾತು ಎದುರಿಗೆ ನಿಂತಿತ್ತು, ಒಂಟಿ ಕೈಯಲ್ಲಿ ಬಿಯರು ಹಿಡಿದು. ಅಮ್ಮ ಅವನನ್ನೇ ನೋಡುತ್ತಿದ್ದಳು.

"ತಪ್ಪು ಕೇಳಿಸಿರ್ಬೇಕು," ಎಂದ, ತರಗತಿಯ ದನಿಯಲ್ಲಿ. "ಅಂಥ ಹೊತ್ತಲ್ಲಿ ಸಹಜ."

"ಇರ್ಬಹುದು, ಮೇಷ್ಟ್ರೇ. ನೀವು ಓದಿದೋರು." ಸ್ಪಾರ್ಗೋ ಬಿಯರನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದ.

ಕಾರಿನಲ್ಲಿ ಅಮ್ಮ ಗೆಲುವಾಗಿದ್ದಳು. "ಕೈ ಹೋದೋರ ಮೇಲೆ ಕನಿಕರ ಇರ್ಬೇಕಪ್ಪ. ಏನೇನೋ ಕಲ್ಪಿಸ್ಕೋತಾರೆ."

"ಹೌದು."

ಗೋಧಿ ಕೊಯ್ದ ಬಯಲಿನ ತಿರುವಿನಲ್ಲಿ ಅವನು ಕಾರು ನಿಲ್ಲಿಸಿದ. ಯಾರೋ ರೈತ ತಾನು ಗುಂಡಿಟ್ಟು ಹೊಡೆದ ನರಿಗಳನ್ನು ಬೇಲಿಯ ತಂತಿಗೆ ತಲೆಕೆಳಗಾಗಿ ಸಾಲಾಗಿ ತೂಗುಹಾಕಿದ್ದ. ಕೊನೆಯದು ಹೊಸದು. ಅದರ ಮುಂಗಾಲು ಮೆಲ್ಲಗೆ ಮಡಚಿಕೊಂಡಿತು, ಬಿಚ್ಚಿಕೊಂಡಿತು.

"ಗಾಳಿ," ಎಂದಳು ಅಮ್ಮ. "ನಡಿ."

ಬಯಲಲ್ಲಿ ಒಂದು ಹುಲ್ಲೂ ಅಲುಗುತ್ತಿರಲಿಲ್ಲ. ಮುಂಗಾಲು ಮತ್ತೆ ಮಡಚಿಕೊಂಡಿತು; ನರಿಗಿನ್ನೂ ಜೀವವಿತ್ತು. ಆಲ್ವಿನ್‌ನ ಕೈ ಆಗಲೇ ಕಾರಿನ ಗೇರಿನ ಮೇಲಿತ್ತು.