ದುಲ್ಮಾ ಹರಸಿದ ಗೂಡಾರ

ಬಟ್ಟಲಿನ ಹಾಲಿನಲ್ಲಿ ಒಂದು ಕೂದಲು ತೇಲುತ್ತಿದೆ, ಕೂದಲಲ್ಲ, ಮೇಲಿನ ಬೆಳಕಿಂಡಿಯಿಂದ ಇಳಿದ ಬೆಳಕಿನ ಎಳೆ, ಅಲ್ಲಾಡುತ್ತಿದೆ — ದುಲ್ಮಾ ಎರಡೂ ಕೈಗಳನ್ನು ಎದೆಯ ಹತ್ತಿರ ತಂದುಕೊಂಡಳು, ಮುಂಗೈಗಳ ಮೇಲೆ ಹಾಸಿದ ನೀಲಿ ರೇಷ್ಮೆ ಪಟ್ಟಿ ಜಾರದ ಹಾಗೆ. ಹುಲ್ಲು ಹಳದಿಗೆ ತಿರುಗುವ ಕಾಲ, ಬೆಳಗಿನ ಹೊತ್ತು, ಹೊರಗೆ ನೆಂಟರ ಕುದುರೆಗಳ ಬೆನ್ನಿಂದ ಇನ್ನೂ ಹಬೆ ಏಳುತ್ತಿದೆ, ಒಳಗೆ ಹೊಸ ಉಣ್ಣೆಯ ವಾಸನೆ, ಹೊಸ ಗೂಡಾರ, ಮಗ ಗಲ್ಸನನದು, ಇವತ್ತು ಅವನ ಮದುವೆ, ಮತ್ತು ಈ ಗೂಡಾರವನ್ನು ಹರಸಬೇಕಾದವಳು ತಾನು. ತಾನು! ಈ ಕಣಿವೆಯಲ್ಲಿ ಯಾರ ಗೂಡಾರ ಎದ್ದರೂ ಹರಸಿದ್ದು ಯೊಂದೊನ್, ಅವಳ ಗಂಡ, ಹಿಮ ಕರಗುವ ದಿನಗಳಲ್ಲಿ ಜೀನು ಬಿಗಿಯುತ್ತಿದ್ದವನು ಹಾಗೇ ಪಕ್ಕಕ್ಕೆ ಕುಸಿದ, ಎಬ್ಬಿಸಿದಾಗ ಮಾತು ಹೋಗಿತ್ತು, ಬಲಗೈ ಹೋಗಿತ್ತು, ಕಿವಿ ಮಾತ್ರ ಇತ್ತು. ಅಗೋ, ಬಾಗಿಲಿಗೆ ಎದುರಾಗಿ ಹಿರಿಯರ ಜಾಗದಲ್ಲಿ ದಿಂಬಿಗೆ ಒರಗಿಸಿ ಕೂರಿಸಿದ್ದಾರೆ, ಕೇಳುತ್ತಾನೆ, ಎಲ್ಲ ಕೇಳುತ್ತಾನೆ, ಅದೇ ಭಯ. ಬೇರೆಯವರನ್ನು ಕರೆಸೋಣ ಅಂದಿದ್ದಳು ಅವಳು, ನಾದಿನಿ ಪುನ್ಸಲ್ ಬಿಡಲಿಲ್ಲ, ಯಾರನ್ನ ಕರೆಸ್ತೀಯ ಅತ್ತಿಗೆ, ಅಣ್ಣನ ಪಕ್ಕದಲ್ಲೇ ಕೂತು ಇಷ್ಟು ವರ್ಷ ಕೇಳಿದ್ದೀಯ, ನಿದ್ದೇಲೂ ಹೇಳ್ತೀಯ ನೀನು. ನಿದ್ದೆಯಲ್ಲಿ ಯಾರು ಬೇಕಾದರೂ ಹೇಳಿಯಾರು. ಹುಡುಗಿಯ ಸೋದರಮಾವ ಮಗ್ಸರ್ ಆಗಲೇ ಹುಳಿಹಾಲಿನ ಬೋಗುಣಿ ಕೈಗೆ ತೆಗೆದುಕೊಂಡಿದ್ದಾನೆ, ಹೆಂಗಸು ಹರಸ್ತಾಳಂತೆ, ಹಂಗಾದ್ರೆ ನಾಳೆಯಿಂದ ಆಕಳು ಕರಿಯೋಕೆ ನಾವು ಕೂರಬೇಕೇನಪ್ಪ, ಹೋ ಎಂದು ನಗು, ಪುನ್ಸಲ್ ಸುಮ್ಮನಿರುವವಳಲ್ಲ, ಕರಿ ನೀನು, ಆಕಳು ಒದ್ದಾಗ ಹಲ್ಲು ಆರಿಸಿಕೊಡೋಕೆ ನಾವಿದೀವಿ. ನಗಲಿ, ನಗುತ್ತಲೇ ಇರಲಿ, ಅಷ್ಟು ಹೊತ್ತು ಶುರು ಮಾಡಬೇಕಾಗಿಲ್ಲ.

ಶುರು ಹೇಗೆ, ಯೊಂದೊನ್ ಹೇಳುತ್ತಿದ್ದ, ಕಲಿಯಲು ಬಂದವರಿಗೆ ಹೇಳುತ್ತಿದ್ದ, ಅವಳು ಚಹಾ ಕಾಯಿಸುತ್ತ ಕೇಳುತ್ತಿದ್ದಳು, ಸಾಲಿನ ಮೊದಲ ಸದ್ದು ಗೂಟ ಇದ್ದ ಹಾಗೆ ಕಣಯ್ಯ, ಸಾಲುಗಳು ಕುದುರೆಗಳು, ಒಂದೇ ಗೂಟಕ್ಕೆ ಕಟ್ಟು, ಚದುರೋದಿಲ್ಲ. ಉಸಿರು ಸಾಲಿನ ಕೊನೇಲಿ ತಗೋ, ನಡುವೆ ತಗೊಂಡರೆ ಸಾಲು ಕುಂಟುತ್ತೆ. ಜನರ ಮುಖ ನೋಡಬೇಡ, ಹರಸೋ ವಸ್ತುವನ್ನ ನೋಡು, ಅದಕ್ಕೆ ಹೇಳು, ಜನ ಕೇಳಿಸಿಕೊಳ್ತಾರೆ. ಮತ್ತೆ ಏನನ್ನೂ ಬಿಡಬೇಡ, ಬಿಟ್ಟದ್ದು ಬಿಟ್ಟಂಗೇ. ಒಂದೊಂದು ಭಾಗ ಮುಗಿದಾಗಲೂ ಕೂತವರೆಲ್ಲ ಹಾಗೇ ಆಗಲಿ ಅನ್ನುತ್ತಾರೆ, ಅಂದರೆ ಮುದ್ರೆ ಬಿತ್ತು, ಹಿಂದಕ್ಕೆ ಹೋಗಿ ಸೇರಿಸುವ ಹಾಗಿಲ್ಲ, ಹೇಳಿದ್ದನ್ನು ಮತ್ತೆ ಹೇಳಿದರೆ ಮೊದಲಿನದು ಬಿದ್ದುಹೋಯಿತು ಅಂತ ಲೆಕ್ಕ. ಗುಡ್ಡದಾಚೆ ಯಾರೋ ಅವಸರದ ಮನುಷ್ಯ ಒಲೆಯನ್ನು ಬಿಟ್ಟು ಹರಸಿದನಂತೆ, ಆ ಗಂಡ ಹೆಂಡತಿ ಮುಂದಿನ ಬೇಸಿಗೆಗೆ ಬೇರೆ ಬೇರೆ ಕಣಿವೆಯಲ್ಲಿದ್ದರು, ಗೂಡಾರ ಇದ್ದ ಕಡೆ ಹುಲ್ಲಿನಲ್ಲಿ ಒಂದು ಕಪ್ಪು ವೃತ್ತ ಅಷ್ಟೆ — ಬೇಡ, ಅದು ಈಗ ಯಾಕೆ, ಸೊಲೊಂಗೊ ಅಲ್ಲಿ ತಲೆ ಬಗ್ಗಿಸಿ ಕೂತಿದ್ದಾಳೆ, ಸೊಸೆ, ಹೊಸ ಬೂಟು ಕಚ್ಚುತ್ತಿರಬೇಕು, ಹಿಮ್ಮಡಿ ಎತ್ತೆತ್ತಿ ಇಡುತ್ತಾಳೆ, ಗಲ್ಸನ್ ಬೆವರುತ್ತಿದ್ದಾನೆ, ಅಮ್ಮಾ ಶುರು ಮಾಡು, ಎಲ್ಲರೂ ಕಾಯ್ತಿದಾರೆ. ಅವಳು ಉಂಗುರದ ಬೆರಳನ್ನು ಹಾಲಿಗೆ ಅದ್ದಿದಳು. ಗಳುಗಳೆಲ್ಲ ಗಟ್ಟಿ ನಿಲ್ಲಲಿ, ಗಾಳಿ ಬಂದರೆ ಗದರಿ ಕಳಿಸಲಿ — ಇದು ಯಾರ ದನಿ, ತನ್ನದೇ, ತೆಳ್ಳಗಿದೆ, ಆದರೆ ನಿಂತಿದೆ — ಗುಡುಗಿಗೂ ಗೋಣು ಬಾಗದಿರಲಿ, ಹಾಗೇ ಆಗಲಿ ಅಂದರು ಎಲ್ಲರೂ, ಹಾಲು ಗಳುವಿಗೆ ಹತ್ತಿತು. ತಲೆ ಎತ್ತಿದಳು. ಬೆಳಕಿಂಡಿಯೇ, ಬಾನ ತುಂಡೇ, ಬಿಸಿಲ ಕೋಲು ಬಂದು ನಿಲ್ಲಲಿ, ಬೆಳ್ಳಿ ಚುಕ್ಕಿ ಬಗ್ಗಿ ನೋಡಲಿ, ಹಾಗೇ ಆಗಲಿ, ಮಗ್ಸರನ ದನಿಯೂ ಸೇರಿತು ಅದರಲ್ಲಿ, ಆಯಿತು, ಆಗುತ್ತಿದೆ, ಕುದುರೆಗಳು ತಾವಾಗಿ ಬರುತ್ತಿವೆ, ಮುಂದಿನದು, ಮುಂದಿನದು, ಬಾಗಿಲೇ, ಬಲಗಾಲಿಗೆ ತೆರೆವ ಬಾಗಿಲೇ —

ಬಾಗಿಲಲ್ಲ. ಒಲೆ. ಬೆಳಕಿಂಡಿಯಾದ ಮೇಲೆ ಒಲೆ, ಬಾಗಿಲು ಕೊನೆಗೆ, ಬಾಗಿಲಿಗೆ ಹರಕೆ ಮುಗಿಯುತ್ತದೆ, ಹಳೆಯ ಗೂಟದಲ್ಲೇ ನಿಂತುಬಿಟ್ಟಳು, ಗೂಟ ಕೀಳುವುದನ್ನು ಮರೆತಳು, ಬೆಳಕಿಂಡಿಯ ಸದ್ದೇ ಎಳೆದುಕೊಂಡು ಹೋಯಿತು, ಬಾಗಿಲಿನ ತನಕ, ಒಲೆಯನ್ನು ಹಾರಿಸಿ. ಎಲ್ಲರಿಗೂ ಬಾಗಿಲು ಅಂದರೆ ಕೊನೆ ಅಂತ ಗೊತ್ತು, ಬೋಗುಣಿಗಳು ಮೇಲೆದ್ದಿವೆ, ಈ ಸಾಲು ಮುಗಿಸಿದರೆ ಹಾಗೇ ಆಗಲಿ ಅನ್ನುತ್ತಾರೆ, ಮುದ್ರೆ, ಒಲೆಯಿಲ್ಲದ ಗೂಡಾರ, ಹುಲ್ಲಿನಲ್ಲಿ ಕಪ್ಪು ವೃತ್ತ, ಸೊಲೊಂಗೊ ಹಿಮ್ಮಡಿ ಎತ್ತುವುದನ್ನು ನಿಲ್ಲಿಸಿದಳು, ಯಾರೋ ಕೆಮ್ಮಿದರು, ನೋಡಬಾರದಿತ್ತು ಆದರೆ ನೋಡಿದಳು, ಯೊಂದೊನನನ್ನು. ಅವನ ಬಾಯಿ ತೆರೆದಿತ್ತು. ಇಷ್ಟು ತಿಂಗಳು ಸೊಟ್ಟಗೆ ಮುಚ್ಚಿಕೊಂಡೇ ಇದ್ದ ಬಾಯಿ, ಮೆಲ್ಲಗೆ, ಒಳಗಿಂದ ಯಾರೋ ತಳ್ಳಿದ ಹಾಗೆ. ಉಸಿರು ಮುಗಿಯುತ್ತಿತ್ತು ಅವಳಿಗೆ, ನಡುವೆ ತೆಗೆದುಕೊಳ್ಳುವ ಹಾಗಿಲ್ಲ, ಒಲೆಯ ಸಾಲಿಗೆ ಬೇರೆ ಗೂಟ, ಅದು ದೂರ, ಅಲ್ಲಿಗೆ ಓಡಲಾಗದು, ಇರುವ ಗೂಟಕ್ಕೇ — ಬಾಗಿಲೇ, ಬಂದವರನ್ನು ಬೆಂಕಿಯ ಬಳಿಗೆ ಬಿಡು, ಕಾಲು ತಾನಾಗಿ ಒಲೆಯ ಕಡೆ ನಡೆಯಿತು, ಬೂದಿಯ ಕೆಳಗೂ ಬಿಸಿ ಬಾಳಲಿ, ಯಾರ ಸಾಲು ಇದು, ಯಾರೂ ಹೇಳಿದ್ದಲ್ಲ, ಬೆರಳು ಒಲೆಯ ಅಂಚಿಗೆ ತಾಗಿತು, ಸುಟ್ಟಿತು, ಬೆಳಗಾದರೆ ಬಾಯಾರಿದವರಿಗೆ ಬಟ್ಟಲು ಬೆಚ್ಚಗಿರಲಿ, ಬಾಳು ಬೇರೆಯಾಗದಿರಲಿ. ಹಾಗೇ ಆಗಲಿ! ಗೂಡಾರ ತುಂಬ ಅದೇ, ಹಾಗೇ ಆಗಲಿ, ಹಾಲು ಚೆಲ್ಲಿದರು, ಕುಡಿದರು, ಗಲ್ಸನ್ ನಕ್ಕ, ಪುನ್ಸಲ್ ಕಿವಿಯ ಹತ್ತಿರ ಬಂದು, ಅತ್ತಿಗೆ, ಆ ಕೊನೇದು ನಾನು ಕೇಳೇ ಇರಲಿಲ್ಲ, ಅಣ್ಣಂದಾ? ಹೂಂ, ನಿಮ್ಮಣ್ಣಂದೇ. ಮಗ್ಸರ್ ಬೋಗುಣಿ ಚಾಚಿದ, ತಗೋ ತಾಯಿ, ಹೆಂಗಸು ಹರಸಿದ್ರೂ ಹಾಲಂತೂ ಒಡೀಲಿಲ್ಲ. ಎಲ್ಲರೂ ಹಾಗೇ ಆಗಲಿ ಅಂದರು. ಒಬ್ಬ ಅನ್ನಲಿಲ್ಲ, ಅವನಿಗೆ ಆಗುವುದಿಲ್ಲ, ಅವನ ಬಾಯಿ ಹಾಗೇ ತೆರೆದಿತ್ತು.

ಏನು ಹೇಳಲು ಹೋಗಿದ್ದ. ಎಲ್ಲರ ಜೊತೆ ಹಾಗೇ ಆಗಲಿ ಅನ್ನಲೋ, ಅದಕ್ಕೆ ಬಾಯಿ ಅಗಲವಾಗಬೇಕು, ಒಲೆ ಎಂದು ತಿದ್ದಲೋ, ಅದಕ್ಕೆ ದುಂಡಗಾಗಬೇಕು, ಸೊಟ್ಟಗಿರುವ ಬಾಯಿಯಲ್ಲಿ ಹೇಗೆ ತಿಳಿಯುವುದು ಯಾವುದು ದುಂಡು ಯಾವುದು ಅಗಲ. ಮರುದಿನ ಸಾರು ಕುಡಿಸುವಾಗ ಕೇಳಿದಳು, ರೀ, ಸರಿಯಾಯ್ತಾ ಅದು, ಒಲೆ ಸೇರ್ತಾ ಇಲ್ವಾ, ಒಂದ್ಸಲ ಕಣ್ಣಾದ್ರೂ ಮಿಟುಕಿಸಿ, ಅವನು ಕಣ್ಣು ಮುಚ್ಚಿದ, ಅದು ಹೌದೋ, ಸುಸ್ತೋ, ಅವಳಿಗೆ ತಿಳಿಯಲಿಲ್ಲ. ಬೆಳಗಾದರೆ ಹೊರಗೆ ಬಂದು ಮಗನ ಗೂಡಾರದ ಕಡೆ ನೋಡುತ್ತಾಳೆ, ಹೊಗೆ ಏಳುತ್ತಿದೆಯೇ, ಏಳುತ್ತಿದೆ, ಸೊಲೊಂಗೊ ಸಗಣಿ ಬೆರಣಿಯ ಬುಟ್ಟಿ ಹಿಡಿದು ಕೂಗುತ್ತಾಳೆ, ಅತ್ತೆ, ಚಹಾ ಆಯ್ತಾ, ಆಯ್ತಮ್ಮ, ನಗುತ್ತಿದ್ದಾಳೆ ಹುಡುಗಿ, ಇವತ್ತು ನಗುತ್ತಿದ್ದಾಳೆ, ನಿನ್ನೆ ಅವರಿಬ್ಬರ ದನಿ ಜೋರಾಗಿತ್ತು, ಗಲ್ಸನ್ ಬಾಗಿಲು ಬಡಿದು ಕುದುರೆ ಏರಿದ್ದ, ಎಲ್ಲರ ಮನೆಯಲ್ಲೂ ಬಡಿಯುತ್ತಾರೆ, ಎಲ್ಲರ ಮನೆಯಲ್ಲೂ, ಹೊಗೆ ತೆಳ್ಳಗಿದೆಯೇ, ಗಾಳಿ ಇರಬೇಕು. ತಾನೇ ಕಟ್ಟಿದ ಸಾಲಿಗೆ ಬಲ ಇರುತ್ತದೆಯೇ, ಅವನೊಬ್ಬನಿಗೆ ಗೊತ್ತು, ಕೇಳಬೇಕು, ನಾಳೆ ಮತ್ತೆ ಕೇಳಬೇಕು, ಚಳಿಗಾಲದ ಬೀಡಿಗೆ ಹೊರಡುವ ಮುಂಚೆ, ಗಾಡಿಗೆ ಸಾಮಾನು ಹೇರುವ ಮುಂಚೆ — ಮೊದಲ ಹಿಮ ಬಿದ್ದ ಮಂಗಳವಾರ ಅವಳು ಸಾರಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತು, ರೀ ಅಂದಳು, ರೀ, ಯೊಂದೊನನ ಉಸಿರು ಹೊರಟುಹೋಗಿತ್ತು, ಬಾಯಿ ತೆರೆದಿತ್ತು, ದುಂಡಗೋ, ಅಗಲವಾಗಿಯೋ, ಬಾಯಿ ತೆರೆದಿತ್ತು.